ಯಜಮಾನರ ಗೇಣು

ತಿಪ್ಪೇರುದ್ರಮ್ಮ ನೆಮ್ಮದಿಯಾಗಿ ಕೂತದ್ದನ್ನು ಕಂಡವರು ದೇವಸಮುದ್ರದ ಸುತ್ತಮುತ್ತ ಕಡಿಮೆ. ಉಣ್ಣುವಾಗಲೂ ಒಂದು ಮಂಡಿ ಎತ್ತಿಕೊಂಡೇ ಇರುತ್ತಿದ್ದಳು. ತುತ್ತು ಬಾಯಲ್ಲಿರುವಾಗಲೇ ಎದ್ದು ಎಮ್ಮೆಗೆ ಮೇವು ತಳ್ಳಿ ಬರುತ್ತಿದ್ದಳು. ಮದುವೆಮನೆಗೆ ಹೋದರೆ ಅಕ್ಷತೆ ಬೀಳುವ ಹೊತ್ತಿಗೆ ಆಕೆ ಅಡುಗೆಯವರ ಬಳಿ ನಿಂತು ಒಲೆಯ ಸೌದೆ ಹಿಂದಕ್ಕೆ ಎಳೆಯುತ್ತಿರುತ್ತಿದ್ದಳು. "ನಿಮ್ಮ ಕಾಲಾಗೆ ಇರುವೆ ಹರಿದಾಡ್ತಾವೆ" ಎಂದು ಹೊಲಕ್ಕೆ ಕೂಲಿಗೆ ಬರುವ ಚಿನ್ನಕ್ಕ ಎದುರಿಗೇ ಹೇಳುತ್ತಿದ್ದಳು. ಹಾಗೆ ಹೇಳುವ ಸಲಿಗೆ ಅವಳೊಬ್ಬಳಿಗೇ ಇತ್ತು.

ಮೊದಲೇ ಹಾಗಿದ್ದ ಹೆಂಗಸು, ಗಂಡ ಹಾಲೇಶಪ್ಪ ತೀರಿಕೊಂಡ ಮೇಲೆ ಇನ್ನೂ ಹಾಗಾದಳು. ಒಬ್ಬಳೇ ಮಗಳನ್ನು ಹಿರಿಯೂರಿಗೆ ಕೊಟ್ಟಾಗಿತ್ತು. ಗುಡ್ಡದ ಬುಡದಲ್ಲಿ ಮಳೆ ನಂಬಿದ ಶೇಂಗಾ ಹೊಲ. ಅದರ ಪಕ್ಕಕ್ಕೆ ಮೈದುನ ಮುರುಗೇಶನ ಹೊಲ, ಅದಕ್ಕೆ ಬೋರ್‌ವೆಲ್ ನೀರಿತ್ತು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಹಂದಿ ತಿನ್ನುವುದಕ್ಕಿಂತ ಕೆಡಿಸುವುದು ಹೆಚ್ಚು. ಮೂತಿಯಿಂದ ಸಾಲನ್ನೇ ಉತ್ತು ಹೋಗುತ್ತದೆ.

ಅದಕ್ಕೆಂದೇ ಹಾಲೇಶಪ್ಪ ಬೆಳೆ ಕಾಯುವ ಲೈಸೆನ್ಸ್ ಮಾಡಿಸಿ ಒಂದು ಬಂದೂಕು ತಂದಿದ್ದ. ಒಂಟಿ ನಳಿಗೆಯದು, ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ಅದರ ಕಬ್ಬಿಣ ಪರವಾಗಿರಲಿಲ್ಲ. ಭುಜಕ್ಕೆ ಆನಿಸುವ ಮರದ ಹಿಡಿ ಮಾತ್ರ ಯಾವುದೋ ಬಿಳಿ ಮರಕ್ಕೆ ಕಂದು ಬಣ್ಣ ಬಳಿದು ಮಾಡಿದ್ದು. ಎರಡು ಮಳೆಗಾಲಕ್ಕೆ ಬಣ್ಣ ಬಿಟ್ಟುಕೊಂಡು ಅದರ ನಿಜ ತಿಳಿಯಿತು. ಮನೆಯವರು ಲಿಂಗ ಕಟ್ಟಿದವರು, ಜೀವ ತೆಗೆಯುವವರಲ್ಲ. ಹಂದಿಯ ಮುಂದಿನ ನೆಲಕ್ಕೆ ಹೊಡೆಯುವುದು, ಸದ್ದಿಗೂ ಹಾರುವ ಮಣ್ಣಿಗೂ ಅದು ತಿರುಗಿ ಓಡುವುದು, ಇಷ್ಟೇ ಅವರ ಬೇಟೆ.

ಹಾಲೇಶಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಬಂದೂಕು ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದವಳು ತಿಪ್ಪೇರುದ್ರಮ್ಮ. ಲೈಸೆನ್ಸ್ ಅವನ ಹೆಸರಲ್ಲಿ, ಈಡು ಇವಳ ಕೈಯಲ್ಲಿ. ಇದು ಕಾನೂನಿಗೆ ವಿರುದ್ಧ ಎಂದು ಇಬ್ಬರಿಗೂ ಗೊತ್ತಿತ್ತು. ಊರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆಕೆಗಿದ್ದ ತೊಂದರೆ ಬೇರೆ. ಆ ಹಿಡಿ ಎತ್ತರದ ಗಂಡಸಿಗೆ ಮಾಡಿದ್ದು, ಈಕೆಯದು ಕುಳ್ಳು ಮೈ. ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತಿತ್ತು, ಪ್ರತಿ ಸಲವೂ ಅಲ್ಲೇ ಒದೆಯುತ್ತಿತ್ತು. ಸುಗ್ಗಿ ಮುಗಿಯುವತನಕ ತೋಳು ನೀಲಿಗಟ್ಟಿರುತ್ತಿತ್ತು. ಕೊನೆಯ ವರ್ಷ ಹಾಲೇಶಪ್ಪ ಅದನ್ನೇ ಊರಿಕೊಂಡು ಬದು ಇಳಿಯಲು ಹೋಗಿ ಜಾರಿ ಬಿದ್ದ. ಹಿಡಿಯ ಕತ್ತು ಮುರಿಯಿತು. ತಾಮ್ರದ ತಂತಿ ಸುತ್ತಿ ಅದನ್ನು ಬಿಗಿದರು.

ಅವನು ಸತ್ತ ವಾರದಲ್ಲೇ ಬಂದೂಕು, ಉಳಿದಿದ್ದ ತೋಟಾಗಳ ಸಮೇತ, ಪೊಲೀಸರ ವಶಕ್ಕೆ ಹೋಯಿತು. ಆ ವರ್ಷದ ಹಂಗಾಮನ್ನು ಆಕೆ ತಗಡು ಬಡಿದು ಕಳೆದಳು. ತಗಡಿನ ಸದ್ದು ಹಂದಿಗಳಿಗೆ ನಾಲ್ಕೇ ದಿನಕ್ಕೆ ರೂಢಿಯಾಯಿತು. ಆಮೇಲೆ ಹಂದಿ ಇಳಿದಾಗಲೆಲ್ಲ ಮುರುಗೇಶನ ಬಾಗಿಲಿಗೆ ಹೋಗಿ ಆಳುಗಳನ್ನು ಕೇಳಬೇಕಾಯಿತು. ಮುರುಗೇಶ ಕೆಟ್ಟವನಲ್ಲ. "ಉಂಡು ಬರ್ತೀವಿ ನಡೀರಿ ಅತ್ಗೆ" ಎನ್ನುತ್ತಿದ್ದ, ಉಂಡು ಬರುತ್ತಲೂ ಇದ್ದ. ಅಷ್ಟರಲ್ಲಿ ಹಂದಿಗಳೂ ಉಂಡಿರುತ್ತಿದ್ದವು. ಆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, ಒಳಗೆ ಮುದ್ದೆ ಮುರಿಯುವುದನ್ನು ನೋಡುತ್ತ ಕಾಯುವುದು ತಿಪ್ಪೇರುದ್ರಮ್ಮನಿಗೆ ಹಂದಿಗಿಂತ ಹೆಚ್ಚು ಕಾಡಿತು. ಬಂದೂಕನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದಳು. ಮುರುಗೇಶನೂ ಹಾಕಿದ. ಗಂಡಸಿರುವ ಮನೆಯಲ್ಲಿ ಬಂದೂಕಿರುವುದು ಲಕ್ಷಣ ಎಂಬುದು ಅವನ ವಾದ. ಅದು ಅವನ ಮನೆ ಸೇರಿದರೆ ಇನ್ನು ಬದುಕಿರುವಷ್ಟು ಕಾಲವೂ ಆ ಬಾಗಿಲೇ ತನಗೆ ಗತಿ ಎಂದು ಆಕೆಗೆ ಸ್ಪಷ್ಟವಾಗಿತ್ತು.

ಚಳ್ಳಕೆರೆಯ ಪೊಲೀಸ್ ಸಾಹೇಬರು ಇಬ್ಬರನ್ನೂ ಒಂದೇ ದಿನ ಕರೆಸಿದರು. ಮೈಸೂರು ಕಡೆಯವರು, ಬಂದು ಒಂದು ವರ್ಷವಾಗಿತ್ತಷ್ಟೆ. ಆಯುಧಗಳ ಉಸ್ತುವಾರಿಯ ಹೆಡ್ ಕಾನ್‌ಸ್ಟೇಬಲ್ ಸಣ್ಣತಿಮ್ಮಪ್ಪ ಬಂದೂಕನ್ನು ತಂದು ಮೇಜಿನ ಮೇಲಿಟ್ಟ. ಸಾಹೇಬರು ತಾಮ್ರದ ತಂತಿಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದು ಬಂದೂಕೋ ಊರುಗೋಲೋ?"

"ಎರಡೂ ಆಗಿತ್ತು ಸಾಮಿ" ಎಂದಳು ತಿಪ್ಪೇರುದ್ರಮ್ಮ.

ಸಾಹೇಬರು ನಗಲಿಲ್ಲ. ಈ ಸ್ಥಿತಿಯಲ್ಲಿ ಹಾರಿಸಿದರೆ ಹಿಡಿದವರ ಹಲ್ಲೇ ಉದುರುತ್ತದೆ ಎಂದರು. ನಳಿಗೆ ಮತ್ತು ಕಬ್ಬಿಣ ಇಲ್ಲೇ ಇರಲಿ, ಹಳೆಯ ಮರ ಒಯ್ದು ಅದರ ಅಚ್ಚಿಗೆ ಹೊಸ ಹಿಡಿ ಮಾಡಿಸಿ ತನ್ನಿ, ಆಮೇಲೆ ಇಬ್ಬರೂ ನನ್ನ ಕಣ್ಣೆದುರಿಗೆ ಒಂದೊಂದು ತೋಟಾ ಹಾರಿಸಿ, ಯಾರ ಕೈಯಲ್ಲಿ ಬಂದೂಕು ಕ್ಷೇಮವೋ ಅವರ ಪರವಾಗಿ ಜಿಲ್ಲೆಗೆ ಬರೆಯುತ್ತೇನೆ ಎಂದರು. ಎರಡು ವಾರದ ಗಡುವು ಕೊಟ್ಟರು.

ಸಣ್ಣತಿಮ್ಮಪ್ಪ ಬೋಲ್ಟು ಬಿಚ್ಚಿ ಮರವನ್ನು ಬೇರೆ ಮಾಡಿದ. "ನಾನು ಮಾಡಿಸ್ತೀನಿ ಬಿಡಿ ಅತ್ಗೆ, ನೀವೆಲ್ಲಿ ಅಲೀತೀರಿ" ಎನ್ನುತ್ತ ಮುರುಗೇಶ ಕೈ ಚಾಚುವಷ್ಟರಲ್ಲಿ ಮರ ತಿಪ್ಪೇರುದ್ರಮ್ಮನ ವೈರಿನ ಚೀಲದಲ್ಲಿತ್ತು.

ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಹೋದಳು. ಮೋನಾಚಾರಿಯ ಮರಗೆಲಸದ ಕೊಟ್ಟಿಗೆ ಅಲ್ಲಿ ಹಳೆಯದು. ಸುತ್ತಿನ ಹಳ್ಳಿಗಳ ನೇಗಿಲು, ಕೂರಿಗೆ, ಬಾಗಿಲುವಾಡ ಅವನ ಕೈಯಲ್ಲೇ ಆಗುತ್ತಿದ್ದವು. ಅವನ ಮಾತು ಅರ್ಧ ತೆಲುಗು. ಮುರಿದ ಹಿಡಿಯನ್ನು ತಿರುಗಿಸಿ ನೋಡಿ, ಗೇಣು ಹಾಕಿ, ಬೆರಳು ಮಡಿಸಿ, ತುಟಿ ಅಲ್ಲಾಡಿಸಿದ.

"ನೋಡಿದ್ರಾ ಅಮ್ಮಾ. ಹೊಗೆ ಆಯ. ಅದಕ್ಕೇ ಯಜಮಾನರು ಹೋಗಿಬಿಟ್ರು."

"ಬಂದೂಕಿಗೆ ಹೊಗೆ ಬರದೆ ಇನ್ನೇನು ಬರ್ತೈತೆ ಆಚಾರಿ? ಅವರು ಹೋಗಿದ್ದು ಎದೆನೋವು ಬಂದು."

ಆಯ ಎಂದರೆ ಬಡಗಿಗಳ ಲೆಕ್ಕ. ಬಾಗಿಲಾಗಲಿ ತೊಟ್ಟಿಲಾಗಲಿ, ಉದ್ದವನ್ನು ಯಜಮಾನನ ಗೇಣು ಬೆರಳಿನಲ್ಲಿ ಅಳೆದು ಅದು ಯಾವ ಆಯಕ್ಕೆ ಬರುತ್ತದೆಂದು ನೋಡುತ್ತಾರೆ. ಬಸವ, ಆನೆ, ಸಿಂಹ, ಬಾವುಟ ಶುಭ. ಹೊಗೆ, ನಾಯಿ, ಕತ್ತೆ, ಕಾಗೆ ಅಶುಭ. ಅಶುಭ ಬಂದರೆ ಒಂದು ಬೆರಳು ಕೂಡಿಸಿಯೋ ಕಳೆದೋ ಸರಿಮಾಡುತ್ತಾರೆ. ತಿಪ್ಪೇರುದ್ರಮ್ಮನ ಮನೆಯ ಹೊಸ್ತಿಲೂ ಹಾಗೆ ಅಳೆದದ್ದೇ. ಅದರ ಬಗ್ಗೆ ಆಕೆಗೆ ತಕರಾರಿರಲಿಲ್ಲ. ಆದರೆ ಇದು ಹೊಸ್ತಿಲಾಗಿರಲಿಲ್ಲ.

"ಮರ ಯಾವುದು ಹಾಕ್ತೀಯ?"

"ಜಾಲಿ ಅಮ್ಮಾ. ಗಾಡಿ ಅಚ್ಚಿಗೆ ಹಾಕೋ ಅಂಥಾದ್ದು. ಆನೆ ತುಳಿದ್ರೂ ಮುರಿಯಲ್ಲ."

"ಆನೆ ಬೇಡ, ಹಂದಿ ಸಾಕು. ಕೇಳು, ಹಳೇದಕ್ಕಿಂತ ಎರಡು ಬೆರಳು ಕಮ್ಮಿ ಇರಬೇಕು. ಭುಜಕ್ಕೆ ಕೂರಬೇಕು ನಂಗೆ."

ಮೋನಾಚಾರಿ ಮತ್ತೆ ಬೆರಳು ಮಡಿಸಿ ಮುಖ ಸಿಂಡರಿಸಿದ. "ಯಜಮಾನರ ಗೇಣು ಬೇಕಲ್ಲಮ್ಮಾ."

"ಯಜಮಾನ ನಾನೇ" ಎಂದು ಆಕೆ ಅವನ ಮುಂದೆ ಅಂಗೈ ಚಾಚಿ ಬೆರಳು ಅಗಲಿಸಿದಳು.

ಅವನು ಆ ಕೈಯನ್ನು ನೋಡಿದ. ಮುಟ್ಟಲಿಲ್ಲ, ಅಳತೆಯ ದಾರವನ್ನೂ ಹಿಡಿಯಲಿಲ್ಲ. "ಸರೇ ಅಮ್ಮಾ, ಸರೇ" ಎಂದು ಮುಖ ತಿರುಗಿಸಿ ಉಳಿ ಮಸೆಯತೊಡಗಿದ. ಆಗಲಿ ಎಂಬ ಅರ್ಥದ ಆ ಮಾತನ್ನು ಆಕೆ ನಂಬಿದಳು. ಬಸ್ಸಿನ ಹೊತ್ತಾಗಿತ್ತು, ಕಾಲು ಆಗಲೇ ಹೊರಗಿತ್ತು. ಒಂದು ಗಳಿಗೆ ನಿಂತು ಅವನಿಂದ ದಾರ ಹಾಕಿಸಿಕೊಂಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ನಿಲ್ಲುವುದು ಆಕೆಗೆ ಬರುತ್ತಿರಲಿಲ್ಲ.

ಆ ಎರಡು ವಾರ ಮನೆಯಲ್ಲಿ ಯಾವ ವಸ್ತುವೂ ಇದ್ದಲ್ಲಿ ಇರಲಿಲ್ಲ. ಅಟ್ಟದ ಮೇಲಿನ ಮಡಕೆಗಳನ್ನು ಕೆಳಗಿಳಿಸಿದಳು, ತೊಳೆದಳು, ಮತ್ತೆ ಏರಿಸಿದಳು. ಹೊಲದಲ್ಲಿ ಕಳೆ ತೆಗೆಯುವಾಗ ಸಾಲಿನ ನಡುವೆ ಎದ್ದು ಗುಡ್ಡದ ಕಡೆ ನೋಡುತ್ತಿದ್ದಳು. ಹಂದಿ ಇನ್ನೂ ಇಳಿದಿರಲಿಲ್ಲ. ಕಾಯಿ ಇನ್ನೂ ಎಳಸು. ಎರಡು ಸಲ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಒಂದು ಸಲ ಕೊಟ್ಟಿಗೆಗೆ ಬೀಗ ಹಾಕಿತ್ತು, ಆಚಾರಿ ರಾಯದುರ್ಗಕ್ಕೆ ಮದುವೆಗೆ ಹೋಗಿದ್ದ. ಇನ್ನೊಂದು ಸಲ ಒರಟಾಗಿ ಕೆತ್ತಿದ ಮರದ ದಿಮ್ಮಿಯನ್ನು ತೋರಿಸಿ, "ಕೂಸು ಹುಟ್ಟೋಕೆ ಮುಂಚೆ ನೋಡಬಾರದಮ್ಮಾ" ಎಂದು ಕಳಿಸಿದ.

ಗಡುವಿನ ಹಿಂದಿನ ದಿನ ಹಿಡಿ ಕೈಗೆ ಬಂತು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಂಪು ಜಾಲಿಯ ಎಳೆ ಕತ್ತಿನ ಬಳಿ ತಿರುಗಿ ಕೆಳಗಿಳಿದಿತ್ತು. ಗಾಜಿನ ಚೂರಿನಿಂದ ಕೆರೆದು, ಹರಳೆಣ್ಣೆ ಉಜ್ಜಿ ನುಣುಪು ಮಾಡಿದ್ದ. ಕಬ್ಬಿಣ ಕೂರುವ ಕಚ್ಚು ಹಳೆಯದಕ್ಕಿಂತ ಅಚ್ಚುಕಟ್ಟು. ತುದಿಗೆ ಕುಂಕುಮವನ್ನೂ ಇಟ್ಟಿದ್ದ. ತಿಪ್ಪೇರುದ್ರಮ್ಮ ಎತ್ತಿ ಭುಜಕ್ಕೆ ಒತ್ತಿಕೊಂಡಳು. ನಳಿಗೆ ಇಲ್ಲದಿದ್ದರೂ ತಿಳಿಯಿತು. ತೋಳು ಎಷ್ಟು ಚಾಚಿದರೂ ಬೆರಳು, ಈಡು ಹಾರಿಸಲು ಎಳೆಯುವ ಕುದುರೆಯ ಜಾಗ ಮುಟ್ಟಲಿಲ್ಲ.

"ಇದು ಹಳೇದಕ್ಕಿಂತ ಉದ್ದ ಐತೆ."

"ಒಂದೇ ಬೆರಳು. ಬಸವನ ಆಯ ಬಂದೈತಮ್ಮಾ. ನೀವು ಶಿವಾಚಾರದೋರು, ನಿಮಗೆ ಇದಕ್ಕಿಂತ ಯಾವುದು ಬೇಕು?"

"ಎರಡು ಬೆರಳು ಕಮ್ಮಿ ಅಂತ ಹೇಳಿದ್ನಲ್ಲೋ. ನನ್ನ ಗೇಣಿನಾಗೆ ಅಳೆದ್ಯಾ?"

"ಯಜಮಾನರ ಗೇಣಿನಾಗೆ ಅಳೆದೆ" ಎಂದ ಮೋನಾಚಾರಿ. "ಚಿಕ್ಕ ಯಜಮಾನರು ಸಂತೆಗೆ ಬಂದಿದ್ರು. ಕರೆದು ಕೈ ಕೊಡಿ ಸಾಮಿ ಅಂದೆ, ಕೊಟ್ರು. ಈಗ ಮನೆಗೆ ಅವರೇ ಅಲ್ವಾ ಹಿರೇರು?"

ಇದರಲ್ಲಿ ಅವನ ಕುತಂತ್ರವೇನೂ ಇರಲಿಲ್ಲ. ದೊಡ್ಡ ಯಜಮಾನ ಸತ್ತರೆ ಚಿಕ್ಕ ಯಜಮಾನನನ್ನು ಹುಡುಕುವುದು ಅವನ ಅಪ್ಪ ಅಜ್ಜ ಕಲಿಸಿದ ಕೆಲಸ. ಹೆಂಗಸಿನ ಗೇಣಿಗೆ ಆಯ ಹಾಕುವುದನ್ನು ಅವನು ನೋಡಿಯೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

"ಈಗ ಮೂರು ಬೆರಳು ಕೊಯ್ದುಬಿಡು."

ಮೋನಾಚಾರಿ ಎರಡು ಹೆಜ್ಜೆ ಹಿಂದೆ ಸರಿದ. "ಮೂರು ಬೆರಳು ಕೊಯ್ದರೆ ನಾಯಿ ಆಯ ಬರ್ತೈತಮ್ಮಾ. ನನ್ನ ಕೈಲಿ ಆಗಲ್ಲ."

"ಹೊಲ ಕಾಯೋಕೆ ಮಾಡಿಸಿದ್ದು. ನಾಯಿಗಿಂತ ಯಾವುದು ಬೇಕು?"

"ಕುಂಕುಮ ಇಟ್ಟಾಗೈತೆ. ನಮ್ಮ ಗರಗಸ ಅದಕ್ಕೆ ಮುಟ್ಟಲ್ಲ."

ಆಕೆ ಬೇಡಲಿಲ್ಲ. ಹಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದಳು. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲಿ ಕೂತು, ಮುಂದಿನ ಕಂಬಿಯನ್ನು ಬೆರಳಿನಿಂದ ಬಡಿಯುತ್ತಿದ್ದಳು. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಮನೆಗೆ ಬಂದವಳೇ ಗಂಡನ ಹತಾರದ ಡಬ್ಬಿಯಿಂದ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡು ತೆಗೆದಳು. ಚಿನ್ನಕ್ಕನನ್ನು ಕೂಗಿ, ಹಿಡಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಅದರ ಮೇಲೆ ಕೂರಲು ಹೇಳಿದಳು.

"ಇದರ ಮೇಲಾ? ಅಯ್ಯೋ, ಕುಂಕುಮ ಐತಲ್ಲಕ್ಕಾ."

"ಆ ಕಡೆ ಐತೆ. ನೀನು ಈ ಕಡೆ ಕೂರು."

ಜಾಲಿ ಹಳೆಯ ಮರ, ಕಬ್ಬಿಣದಂತಿತ್ತು. ಬ್ಲೇಡು ಕಿರಗುಟ್ಟಿತೇ ಹೊರತು ಇಳಿಯಲಿಲ್ಲ. ತಿಪ್ಪೇರುದ್ರಮ್ಮ ಸೀರೆ ಮೇಲಕ್ಕೆ ಕಟ್ಟಿ ಮಂಡಿಯೂರಿ ಎಳೆದಳು. ಬೆವರು ಮೂಗಿನಿಂದ ಮರದ ಮೇಲೆ ಬೀಳುತ್ತಿತ್ತು.

"ಮುರುಗೇಶಣ್ಣ ನೋಡಿದ್ರೆ ಏನಂತಾರೆ?" ಎಂದಳು ಚಿನ್ನಕ್ಕ, ಕಲ್ಲಿನ ಮೇಲೆ ಅಲ್ಲಾಡುತ್ತ.

"ಅವನ ಗೇಣು ಅವನಿಗೇ ಇರ್ತೈತೆ. ಅದನ್ನೇನು ಕೊಯ್ಯೋದಿಲ್ಲ ನಾನು."

"ನೀವು ಕೊಯ್ಯೋ ಹೊತ್ತಿಗೆ ನಾನು ಮುದುಕಿ ಆಗ್ತೀನಿ."

"ಆಗಿದ್ದೀಯ. ಅಲ್ಲಾಡಬೇಡ."

ಒಂದು ಬ್ಲೇಡು ಮುರಿಯಿತು. ಎರಡನೆಯದು ಸವೆಯುವ ಹೊತ್ತಿಗೆ ತುಂಡು ಕೆಳಗೆ ಬಿತ್ತು. ಕೊಯ್ದ ಜಾಗ ಓರೆಕೋರೆಯಾಗಿತ್ತು, ಒಂದು ಅಂಚಿನಲ್ಲಿ ಸಿಬಿರು ಎದ್ದಿತ್ತು. ಇದನ್ನು ಹೀಗೇ ಭುಜಕ್ಕೆ ಒತ್ತಿದರೆ ಚರ್ಮ ಕಿತ್ತು ಬರುತ್ತದೆ. ಚಿನ್ನಕ್ಕ ತನ್ನ ಕಾಲಿನಿಂದ ಟೈರಿನ ಕೆರ ಕಳಚಿ ಅದರ ಮೇಲಿಟ್ಟು ನೋಡಿದಳು. ಅಳತೆಗೆ ಸರಿಯಾಗಿ ಹೊಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಪ್ಪೇರುದ್ರಮ್ಮ ಕೆರದ ಅಂಗಾಲನ್ನು ಕುಡುಗೋಲಿನಿಂದ ಕತ್ತರಿಸಿ, ನಾಲ್ಕು ಮೊಳೆಯ ಜೊತೆ ಚೀಲಕ್ಕೆ ಹಾಕಿಕೊಂಡಳು. ನಳಿಗೆ ಜೋಡಿಸುವ ಬೋಲ್ಟನ್ನು ಹಿಡಿಯ ಹಿಂದಿನಿಂದ ಹಾಕಬೇಕಾದ್ದರಿಂದ ಅಂಗಾಲನ್ನು ಆಮೇಲೆಯೇ ಹೊಡೆಯಬೇಕಿತ್ತು. ಚಿನ್ನಕ್ಕ ಬರಿಗಾಲಲ್ಲಿ ಮನೆಗೆ ಹೋದಳು. ಅವಳಿಗೆ ತನ್ನ ಹೊಸ ಚಪ್ಪಲಿಯನ್ನೇ ಕೊಡಬೇಕೆಂದು ತಿಪ್ಪೇರುದ್ರಮ್ಮನಿಗೆ ಹೊಳೆದದ್ದು ಮರುದಿನ, ಬಸ್ಸಿನಲ್ಲಿ.

ಚಳ್ಳಕೆರೆಯ ಹೊರಗೆ ಪೊಲೀಸರು ಗುರಿ ಕಲಿಯುವ ಒಂದು ಮಣ್ಣಿನ ದಿಬ್ಬ. ಅದರ ಮುಂದೆ ಒಡಕು ಮಡಕೆಯೊಂದನ್ನು ಬೋರಲು ಹಾಕಿದ್ದರು. ಮುರುಗೇಶ ಬಿಳಿ ಅಂಗಿ ತೊಟ್ಟು ಮೊದಲೇ ಬಂದಿದ್ದ. ಸಣ್ಣತಿಮ್ಮಪ್ಪ ಜೀಪಿನ ಬಾನೆಟ್ಟಿನ ಮೇಲೆ ಬಂದೂಕು ಜೋಡಿಸಿದ. ಜಾಲಿಯ ಕಚ್ಚಿನಲ್ಲಿ ಕಬ್ಬಿಣ ಕೂದಲೆಳೆಯೂ ಬಿಡದಂತೆ ಕೂತಿತು. "ಕೆಲಸಗಾರ ಕೈ" ಎಂದು ಮೆಚ್ಚಿ ಹಿಂಬದಿ ತಿರುಗಿಸಿದವನು ಓರೆಕೋರೆ ತುದಿ ಕಂಡು ಸಿಬಿರನ್ನು ಬೆರಳಿನಿಂದ ಮುಟ್ಟಿ ನೋಡಿದ. ತಿಪ್ಪೇರುದ್ರಮ್ಮ ಚೀಲದಿಂದ ರಬ್ಬರಿನ ಅಂಗಾಲು ತೆಗೆದು ಕಲ್ಲಿನಿಂದ ಮೊಳೆ ಹೊಡೆದಳು.

"ಬಂದೂಕಿಗೆ ಚಪ್ಪಲಿನಾ ಅಮ್ಮಾ?" ಎಂದ ಸಣ್ಣತಿಮ್ಮಪ್ಪ.

"ಮುಳ್ಳಿನಾಗೆ ಓಡಾಡೋದು, ಇರಲಿ."

ಮುರುಗೇಶನಿಗೆ ತಡೆಯಲಾಗಲಿಲ್ಲ. "ಆಯುಧಪೂಜೆ ಮಾಡೋ ವಸ್ತುಗೆ ಕೆರ ಹೊಡೆದ್ರಲ್ಲ ಅತ್ಗೆ. ಅಣ್ಣ ಇದ್ದಿದ್ರೆ ಏನಂತಿದ್ದ?" ಆಮೇಲೆ ಹಿಡಿಯ ಉದ್ದ ಕಣ್ಣಿಗೆ ಬಿದ್ದು, "ಆಚಾರಿ ನನ್ನ ಗೇಣು ತಗೊಂಡಿದ್ದ. ಇದು ಮೋಟಾಗೈತಲ್ಲ" ಎಂದ.

"ನಾನೇ ಕೊಯ್ದೆ."

ಸಾಹೇಬರು ಗಡಿಯಾರ ನೋಡಿದರು. ಮೊದಲು ಯಾರು ಎಂದರು. ಮುರುಗೇಶ ಮುಂದೆ ಬಂದು ಬಂದೂಕು ತೆಗೆದುಕೊಂಡ. ಅವನ ಉದ್ದ ಕೈಗೆ ಆ ಹಿಡಿ ಮಕ್ಕಳ ಆಟಿಕೆಯಂತೆ ಕಂಡಿತು. ಭುಜಕ್ಕೆ ಏರಿಸಿದಾಗ ಅವನ ಹೆಬ್ಬೆರಳು ಮೂಗಿನ ತುದಿಗೆ ತಾಗುವಷ್ಟು ಹತ್ತಿರವಿತ್ತು. ತಿಪ್ಪೇರುದ್ರಮ್ಮ ಅದನ್ನು ನೋಡಿದಳು. ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಿತು. ಸುಮ್ಮನಿದ್ದರೆ ತನಗೇ ಲಾಭ ಎಂಬುದೂ ತಿಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮುರುಗೇಶ, ಹೆಬ್ಬೆರಳು ಪಕ್ಕಕ್ಕೆ ಇಟ್ಕೋ. ಮೂಗಿಗೆ ಬಡೀತೈತೆ."

"ನಂಗೆ ಹೇಳಿಕೊಡ್ತೀರಾ?" ಎಂದ ಮುರುಗೇಶ, ಸಾಹೇಬರ ಕಡೆ ನೋಡಿ ನಗುತ್ತ. ಹೆಬ್ಬೆರಳು ಇದ್ದಲ್ಲೇ ಇತ್ತು.

ಈಡು ಹಾರಿತು. ಮಡಕೆ ಚೂರುಚೂರಾಯಿತು. ಬಂದೂಕು ಹಿಂದಕ್ಕೆ ಒದ್ದು ಅವನ ಹೆಬ್ಬೆರಳ ಗೆಣ್ಣೇ ಅವನ ಮೂಗಿಗೆ ಗುದ್ದಿತು. ಬಿಳಿ ಅಂಗಿಯ ಮೇಲೆ ರಕ್ತ ಸುರಿಯಿತು. ಸಣ್ಣತಿಮ್ಮಪ್ಪ ಓಡಿಬಂದು ಬಂದೂಕು ಹಿಡಿದುಕೊಂಡ. ಮುರುಗೇಶ ಟವೆಲ್ ಒತ್ತಿ ಬೇಲಿಯ ಕಲ್ಲಿನ ಮೇಲೆ ಕೂತ.

"ಗುರಿ ಸರಿ ಇದೆ" ಎಂದರು ಸಾಹೇಬರು. ಮೂಗಿನ ವಿಷಯ ಎತ್ತಲಿಲ್ಲ.

ಇನ್ನೊಂದು ಮಡಕೆ ಇಟ್ಟರು. ತಿಪ್ಪೇರುದ್ರಮ್ಮ ಹಿಡಿಯ ಮೇಲಿನ ರಕ್ತವನ್ನು ಸೆರಗಿನಲ್ಲಿ ಒರೆಸಿದಳು. ನಳಿಗೆ ಮಡಚಿ, ಖಾಲಿಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ತೋಟಾ ಹಾಕಿ, ಬಾಯಿ ನೆಲದ ಕಡೆ ಇಟ್ಟುಕೊಂಡೇ ಗೆರೆಗೆ ಬಂದಳು. ಭುಜಕ್ಕೆ ಏರಿಸಿದಾಗ ಅದು ಗುಳಿಯಲ್ಲಿ ಕೂತಿತು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ. ಬೆಳಗಿನಿಂದ ಒಂದು ಕಡೆ ನಿಲ್ಲದಿದ್ದ ಕಾಲು ಆ ಗಳಿಗೆ ಅಲ್ಲಾಡಲಿಲ್ಲ. ಕುದುರೆ ಎಳೆದಳು. ಮಡಕೆಯ ಮುಂದಿನ ನೆಲದಿಂದ ಮಣ್ಣು ಒಂದಾಳೆತ್ತರ ಎದ್ದಿತು. ಮಣ್ಣು ಇಳಿದ ಮೇಲೆ ಮಡಕೆ ಹಾಗೇ ಕಂಡಿತು.

"ತಪ್ಪಿತಲ್ಲಮ್ಮ" ಎಂದರು ಸಾಹೇಬರು.

"ತಪ್ಪಿಲ್ಲ ಸಾಮಿ. ನಾವು ಲಿಂಗ ಕಟ್ಟಿದೋರು. ಹಂದಿಗೆ ತಾಗದಂಗೆ ಮುಂದಿನ ನೆಲಕ್ಕೆ ಹೊಡೆದು ಅಭ್ಯಾಸ."

ಮಾತು ಬಾಯಿಂದ ಹೊರಟ ಮೇಲೆ ಆಕೆಗೆ ಅದು ಕೇಳಿಸಿತು. ಸಾಹೇಬರು ಟೋಪಿ ಸರಿಮಾಡಿಕೊಂಡು ಹತ್ತಿರ ಬಂದರು.

"ಅಭ್ಯಾಸ. ಲೈಸೆನ್ಸ್ ನಿಮ್ಮ ಯಜಮಾನರದು. ಅಭ್ಯಾಸ ಯಾರದು?"

ತಿಪ್ಪೇರುದ್ರಮ್ಮ ನಳಿಗೆ ಮಡಚಿ ಖಾಲಿ ತೋಟಾ ಹೊರತೆಗೆದಳು. ನನ್ನದು ಎಂದರೆ ಕೇಸು. ನನ್ನದಲ್ಲ ಎಂದರೆ ಸುಳ್ಳು, ಅದೂ ಆಕೆಗೆ ಕ್ಷಣದಲ್ಲಿ ಹೊಸೆಯಲು ಬಾರದ ಸುಳ್ಳು. ಅಲ್ಲಿ ಇನ್ನೊಬ್ಬನಿಗೆ ಎಲ್ಲ ಗೊತ್ತಿತ್ತು. ಅವನು ಮೂಗು ಒತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಅವನು ನಿಜ ಹೇಳಿದರೆ ಸಾಕಿತ್ತು, ಬಂದೂಕು ಸಂಜೆಗೇ ಅವನ ಪಾಲಾಗುತ್ತಿತ್ತು.

ಮುರುಗೇಶ ಟವೆಲ್ ತೆಗೆದ. "ನಮ್ಮಣ್ಣಂದು ಸಾರ್ ಅಭ್ಯಾಸ" ಎಂದ, ಮೂಗಿನ ದನಿಯಲ್ಲಿ. "ಅವನು ಯಾವಾಗ್ಲೂ ನೆಲಕ್ಕೇ ಹೊಡೀತಿದ್ದ. ಅತ್ಗೆ ಪಕ್ಕದಾಗೆ ನಿಂತು ತೋಟಾ ಕೊಡ್ತಿದ್ರು. ನೋಡಿ ನೋಡಿ ಬಂದೈತೆ. ನಮ್ಮನೆಯಾಗೆ ಬಂದೂಕು ಮುಟ್ಟಿದೋರೆಲ್ಲ ನೆಲಕ್ಕೇ ಹೊಡೆಯೋದು."

"ನೀವು ಮಡಕೆಗೆ ಹೊಡೆದಿರಲ್ಲ?"

"ನಂಗೆ ಅಭ್ಯಾಸ ಇಲ್ಲ ಸಾರ್."

ಬಂದೂಕು ಹಿಡಿದು ಗೊತ್ತಿಲ್ಲದವನು ತಾನೇ ಎಂದು ಒಪ್ಪಿಕೊಂಡಂತಾಯಿತೆಂದು ಹೇಳಿ ಮುಗಿಸಿದ ಮೇಲೆ ಅವನಿಗೆ ತಿಳಿಯಿತು. ಟವೆಲ್ ಮತ್ತೆ ಮೂಗಿಗೆ ಹೋಯಿತು. ಸಣ್ಣತಿಮ್ಮಪ್ಪ ದಿಬ್ಬದ ಕಡೆ ತಿರುಗಿ ಕೆಮ್ಮಿದ. ಸಾಹೇಬರು ಅತ್ತಿಗೆಯನ್ನೊಮ್ಮೆ ಮೈದುನನನ್ನೊಮ್ಮೆ ನೋಡಿದರು. ಅವರು ದಡ್ಡರಾಗಿರಲಿಲ್ಲ.

"ಲೈಸೆನ್ಸ್ ಇರುವುದು ಬೆಳೆ ಕಾಯುವುದಕ್ಕೆ, ಬೇಟೆಗಲ್ಲ" ಎಂದರು. "ನೆಲಕ್ಕೆ ಹೊಡೆಯುವವರೇ ಇಟ್ಟುಕೊಳ್ಳಲಿ."

ವಾಪಸು ಬಸ್ಸಿನಲ್ಲಿ ಅತ್ತಿಗೆ ಮೈದುನರು ಒಂದೇ ಸೀಟಿನ ಎರಡು ತುದಿಯಲ್ಲಿ ಕೂತರು. ಬಸ್ಸು ನಾಯಕನಹಟ್ಟಿಯ ಕವಲು ದಾಟಿತು. ತಿಪ್ಪೇರುದ್ರಮ್ಮ ಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಯಾಕೆ ಹಂಗಂದೆ?"

"ಇನ್ನೇನನ್ನಲಿ? ಕಣ್ಣು ಕಾಣದೆ ಹೆಂಡ್ತಿ ಕೈಗೆ ಬಂದೂಕು ಕೊಟ್ಟಿದ್ದ ಅಂತ ಅಣ್ಣನ ಹೆಸರು ಪೊಲೀಸರ ಬಾಯಿಗೆ ಬೀಳ್ತಿತ್ತು. ನಿಮಗೋಸ್ಕರ ಏನೂ ಹೇಳಿಲ್ಲ."

"ಗೊತ್ತು."

"ನೀವು ಮೋಟು ಮಾಡಿದ್ರಿಂದ ಮೂಗು ಹೋಯ್ತು."

"ಹೇಳಿದ್ದೆ."

ಅವನಿಗೆ ಸಿಟ್ಟು ಬಂತು, ನಗುವೂ ಬಂತು. ನಕ್ಕರೆ ಮೂಗು ನೋಯುತ್ತಿತ್ತು. ಕಿಟಕಿಯ ಕಡೆ ತಿರುಗಿಕೊಂಡು, "ಹಂದಿ ಮೊದಲು ನಮ್ಮ ಹೊಲಕ್ಕೇ ಇಳಿಯೋದು. ಆವಾಗ ಏನು ಮಾಡೋದು?" ಎಂದ.

"ಹೇಳಿ ಕಳಿಸು, ಬರ್ತೀನಿ."

"ಹೇಳಿ ಕಳಿಸಬೇಕಾ?"

ಇಲ್ಲ ಎನ್ನಬಹುದಿತ್ತು. ಅವತ್ತು ಅವನು ಮಾಡಿದ ಉಪಕಾರಕ್ಕೆ ಅದು ದೊಡ್ಡ ಮಾತಲ್ಲ. ತಿಪ್ಪೇರುದ್ರಮ್ಮನಿಗೆ ಅವನ ಬಾಗಿಲಲ್ಲಿ ಬಿಟ್ಟು ನಿಲ್ಲುತ್ತಿದ್ದ ತನ್ನ ಚಪ್ಪಲಿ ನೆನಪಾಯಿತು.

"ಹೇಳದಿದ್ರೆ ನಂಗೆ ಹೆಂಗೆ ಗೊತ್ತಾಗ್ತೈತೆ?" ಎಂದಳು.

ಜಿಲ್ಲೆಯಿಂದ ಆಜ್ಞೆ ಬಂದು ಬಂದೂಕು ಮನೆ ಸೇರುವಷ್ಟರಲ್ಲಿ ಶೇಂಗಾ ಕಿತ್ತು, ಬಿಡಿಸಿ, ಚಳ್ಳಕೆರೆಯ ಎಣ್ಣೆ ಮಿಲ್ಲಿಗೂ ಹೋಗಿಯಾಗಿತ್ತು. ಆಕೆಯ ಹೊಲದಲ್ಲಿ ಕಾಯುವುದಕ್ಕೆ ಒಣಬಳ್ಳಿಯೂ ಉಳಿದಿರಲಿಲ್ಲ. ಆದರೂ ಸಂಜೆ ಸಂಜೆ ಬಂದೂಕು ಹೆಗಲಿಗೆ ಹಾಕಿಕೊಂಡು ಬದು ಸುತ್ತಿ ಬರುತ್ತಿದ್ದಳು. "ಯಾರನ್ನು ಓಡಿಸೋಕೆ ಹೊಂಟ್ರಿ?" ಎಂದು ಚಿನ್ನಕ್ಕ ಕೇಳಿದರೆ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆಯುತ್ತಿದ್ದಳು. ಕೈಗೆ ಬೇಕಾದದ್ದು ಬಂದ ಮೇಲೂ ಕಾಲಿಗೆ ನೆಲೆ ಸಿಗುವುದಿಲ್ಲ ಎಂಬುದು ಆಕೆಗೆ ಆಶ್ಚರ್ಯವೆನಿಸಲಿಲ್ಲ. ಕಾಲು ಮೊದಲಿಂದಲೂ ಹಾಗೇ.

ಬೇಸಿಗೆ ಶೇಂಗಾ ಇದ್ದದ್ದು ಬೋರ್‌ವೆಲ್ ಇದ್ದ ಮುರುಗೇಶನಿಗೆ ಮಾತ್ರ. ಅದು ಕಾಯಿ ಕಟ್ಟಿದ ಮೇಲೆ ಒಂದು ಸಂಜೆ, ದನ ಮನೆಗೆ ಬರುವ ಹೊತ್ತಿನಲ್ಲಿ, ಅವನು ಆಳನ್ನು ಕಳಿಸದೆ ತಾನೇ ಬಂದ. ಪಡಸಾಲೆಯ ಹೊರಗೆ ನಿಂತು, "ಅತ್ಗೆ, ಇಳಿದಾವೆ" ಎಂದ.

ತಿಪ್ಪೇರುದ್ರಮ್ಮ ಮುದ್ದೆ ತಿರುವುತ್ತಿದ್ದಳು. ಪಾತ್ರೆ ಇಳಿಸಿ, ಒಲೆಯ ಸೌದೆ ಹಿಂದಕ್ಕೆಳೆದು, ಕೈ ಒರೆಸಿಕೊಂಡು ಬಂದೂಕು ತೆಗೆದಳು. ಉಂಡು ಬರುತ್ತೇನೆ ಎನ್ನಲಿಲ್ಲ. ಇಬ್ಬರೂ ಬೇಗ ಬೇಗ ನಡೆದರು. ಬದುವಿನ ತಿರುವಿನಲ್ಲಿ ಶೇಂಗಾ ಸಾಲಿನ ನಡುವೆ ಕಪ್ಪು ಬೆನ್ನುಗಳು ಅಲ್ಲಾಡುವುದು ಕಂಡಿತು. ಮುರುಗೇಶ ಉತ್ಸಾಹದಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದ.

"ನನ್ನ ಹಿಂದಕ್ಕೆ ಬಾ ಮುರುಗೇಶ" ಎಂದಳು ಆಕೆ, ತೋಟಾ ಹಾಕುತ್ತ. "ನಳಿಗೆ ಮುಂದೆ ನಿಲ್ಲಬಾರದು."

ಅವನು ಬಂದು ಹಿಂದೆ ನಿಂತ.